ಕೌದಿಯ ಮೇಲೊಂದು ದಾಸವಾಳ

ಅತ್ತೆ ಧಾರವಾಡದಿಂದ ಬಂದು ಹದಿನೈದು ದಿನವಾಗಿತ್ತು. ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಾತಿಗೆ ಮಾತ್ರ ಪೂರ್ತಿ ಬಿಡುವು. ನಾನು ಊಟದ ಮೇಜಿನ ತುಂಬ ಬಟ್ಟೆ ಹರಡಿಕೊಂಡು ಕೂತ ಒಂದು ಭಾನುವಾರ ಶುರುವಾದ ಮಾತು ಇದು. ನಡುವೆ ಬಂದ ಎರಡು ಊಟ, ಒಂದು ಸಲ ಕರೆಂಟು ಹೋದದ್ದು ಬಿಟ್ಟಿದ್ದೇನೆ. ಬರೆದುಕೊಂಡವಳು ನಾನಾದ್ದರಿಂದ ತಕ್ಕಡಿ ಸ್ವಲ್ಪ ನನ್ನ ಕಡೆ ವಾಲಿರಬಹುದು. ಆದರೂ ಗೆದ್ದದ್ದು ಕಡಿಮೆ.

ಅತ್ತೆ: ಇದೇನಿದು, ಅರಿವಿ ಅಂಗಡಿ ತಗದಿಯೇನು?

ಸೊಸೆ: ಕೌದಿ ಹೊಲಿಯೋಣ ಅಂತ ಅತ್ತೆ, ದೊಡ್ಡ ಮಂಚಕ್ಕೆ. ಒಂಬತ್ತು ಚೌಕ, ಚೌಕಕ್ಕೊಂದು ಹೂವು. ಹೂವನ್ನ ಬೇರೆ ಬಟ್ಟೆಯಲ್ಲಿ ಕತ್ತರಿಸಿ, ಚೌಕದ ಮೇಲಿಟ್ಟು, ಅಂಚು ಮಡಚಿ ಕೈಯಲ್ಲೇ ಹೊಲಿಯೋದು. ಅಪ್ಲಿಕ್ ಅಂತಾರೆ.

ಅತ್ತೆ: ತ್ಯಾಪಿ ಅನ್ನು.

ಸೊಸೆ: ಅಯ್ಯೋ, ತೇಪೆ ಅಲ್ಲ!

ಅತ್ತೆ: ಅರಿವಿ ಮ್ಯಾಲೆ ಅರಿವಿ ಇಟ್ಟು ಅಂಚು ಮಡಚಿ ಹೊಲದ್ರ ಅದು ತ್ಯಾಪಿನ. ಹರದದ್ದಕ್ಕ ಹಚ್ಚಿದ್ರ ಬಡತನ, ಹರೀಲಾರದ್ದಕ್ಕ ಹಚ್ಚಿದ್ರ ಫ್ಯಾಶನ್. ಇರಲಿ, ಆ ಇಂಗ್ಲೀಷ್ ಹೆಸರಿಗೆ ಅರ್ಥ ಏನು?

ಸೊಸೆ: ಮೂಲದಲ್ಲಿ ಫ್ರೆಂಚ್ ಪದ. ಅರ್ಥ... ‘ಹಚ್ಚಿದ್ದು’.

ಅತ್ತೆ: ನಾ ಏನ ಹೇಳಿದೆ?

ಸೊಸೆ: ಆಯ್ತು, ನಿಮ್ಮದೇ ಸರಿ. ಈಗ ಬಟ್ಟೆ ನೋಡಿ. ಇದು ಚೌಕಗಳಿಗೆ ಕೋರಾ ಹತ್ತಿ, ಐದು ಮೀಟರು, ಉಳಿದದ್ದು ಸುತ್ತಲಿನ ಪಟ್ಟಿಗೆ. ದಾಸವಾಳಕ್ಕೆ ಈ ಕೆಂಪು ಸ್ಯಾಟಿನ್. ಸೇವಂತಿಗೆಗೆ ಹಳದಿ ಪಾಪ್ಲಿನ್. ಇದು ನೀವೇ ಕೊಟ್ಟ ಖಣದ ತುಂಡು. ಮತ್ತೆ ಇದು... ಬೈಬೇಡಿ, ನಿಮ್ಮ ಹಳೇ ಇಳಕಲ್ ಸೀರೆ.

ಅತ್ತೆ: ಕೊಡಿಲ್ಲೆ. ಓ, ಇದು. ಒಡಲು ಪೂರ್ತಿ ಸವದದ. ಸೆರಗು ಮಾತ್ರ ಇನ್ನೂ ಗಟ್ಟಿ, ಕೆಂಪು ರೇಶ್ಮಿ, ನಡುವ ಬಿಳಿ ತೋಪು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಸಿರ್ತಾರ. ಇಲ್ಲೆ, ಈ ಗೆರಿ ಮ್ಯಾಲೆ ಬೆರಳಾಡಿಸು. ಸಿಕ್ತೇನು? ಒಂದೊಂದ ಎಳಿ ಹಿಡದು ಜೋಡಿಸಿದ್ದು.

ಸೊಸೆ: ಹಾಗಾದರೆ ಕತ್ತರಿಸೋದು ಬೇಡ ಅಂತೀರಾ?

ಅತ್ತೆ: ನಾ ಎಲ್ಲೆ ಅಂದೆ? ಟ್ರಂಕಿನ್ಯಾಗ ಇಟ್ರ ಮಡಿಕಿ ಮಡಿಕಿಗೆ ಹರೀತದ. ಕತ್ತರಿಸು. ಆದ್ರ ಯಾವುದು ಯಾವುದರ ಜೋಡಿ ಬಾಳ್ವೆ ಮಾಡ್ತದ ಅಂತ ನೋಡಿ ಕತ್ತರಿಸು. ಮೊದಲ ಆ ಸ್ಯಾಟಿನ್ ತಗದು ಒಗಿ.

ಸೊಸೆ: ಎಷ್ಟು ಹೊಳಪಿದೆ ನೋಡಿ ಇದಕ್ಕೆ!

ಅತ್ತೆ: ಹೊಳಪ ಅದ, ಮಡಿಕಿ ನಿಲ್ಲಂಗಿಲ್ಲ. ಮುಷ್ಟಿಯೊಳಗ ಹಿಡದು ಹತ್ತು ಎಣಿಸಿ ಬಿಡು. ನೋಡಿದೇನು, ಬಿಟ್ಟಕೂಡ್ಲೆ ಏನೂ ಆಗಿಲ್ಲಂಬೊ ಹಂಗ ಅರಳಿ ಕುಂತಿತು. ಈಗ ಹಳದಿ ಹಿಡಿ. ಸುಕ್ಕಾತಲ್ಲ? ಸುಕ್ಕಾಗೋ ಅರಿವಿ ಹೇಳಿದ ಮಾತು ಕೇಳ್ತದ. ಕಾಲಿಂಚು ಅಂಚು ಮಡಚಿ ಉಗುರಲೆ ಒತ್ತಿದ್ರ, ನೀ ಹೊಲಿಯೋತನಕ ಅದು ಹಂಗ ಇರಬೇಕು. ಇಲ್ಲಂದ್ರ ಪ್ರತಿ ಹೊಲಿಗಿಗೂ ಜಗಳ.

ಸೊಸೆ: ಈ ಗುಲಾಬಿ ಬಣ್ಣದ್ದು? ಅಂಗಡಿಯವನು ಅಪ್ಪಟ ಹತ್ತಿ ಅಂತ ಕೊಟ್ಟ.

ಅತ್ತೆ: ಒಂದೆಳಿ ಕಿತ್ತು ದೀಪಕ್ಕ ಹಿಡಿ. ಕಾಗದ ಸುಟ್ಟ ವಾಸನಿ ಬಂದು ಬೂದಿ ಆದ್ರ ಹತ್ತಿ.

ಸೊಸೆ: ಕರಗಿ ಗಂಟಾಯ್ತು.

ಅತ್ತೆ: ಹಂಗಾದ್ರ ಅದು ಅಪ್ಪಟ ಅಂಗಡಿಯವನ ಮಾತು. ಇನ್ನ ಖಣ. ಗುಳೇದಗುಡ್ಡದ್ದು, ಚಂದ ಅದ. ಆದ್ರ ಅದು ಕುಪ್ಪಸದ ಸಲವಾಗಿ ನೇದದ್ದು, ಕತ್ರಿ ತಾಗಿದ್ದ ತಡ ಎಳಿ ಬಿಡ್ತದ. ಸಣ್ಣ ಎಸಳು ಮಾಡಬ್ಯಾಡ. ಹೂವಿನ ನಡುವಿನ ಗುಂಡಿಗೆ ಇಲ್ಲಾ ಅಗಲನ್ನ ಎಲಿಗೆ ಇಟ್ಕೊ, ಅಂಚಿಗೆ ಅರ್ಧ ಇಂಚು ಬಿಡು.

ಸೊಸೆ: ಅತ್ತೆ, ಒಂದು ಚೌಕ ಈಗಾಗಲೇ ಮಾಡಿದ್ದೆ. ಹೋದ ತಿಂಗಳು. ತೋರಿಸಬಾರದು ಅಂತಿದ್ದೆ.

ಅತ್ತೆ: ತೋರಸು.

ಸೊಸೆ: ನಗಬಾರದು.

ಅತ್ತೆ: ನಗಂಗಿಲ್ಲ, ತಾ... ಅಯ್ಯ, ಇದೇನ ಆಗಿದ್ದು ಇದಕ್ಕ?

ಸೊಸೆ: ಎರಡು ಸಂಜೆ ಕೂತು ಹೊಲಿದದ್ದು. ಪೆನ್ಸಿಲ್ ಗುರುತು ಹೋಗಲಿ ಅಂತ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿಟ್ಟೆ. ಫೋನು ಬಂತು. ಮಾತು ಮುಗಿಸಿ ಬಂದು ನೋಡಿದರೆ ಬಕೆಟ್ಟಿನ ನೀರು ಪಾಲಕ್ ಸೊಪ್ಪು ಬೇಯಿಸಿದ ಹಾಗಿತ್ತು. ಎಲೆಯ ಹಸಿರೆಲ್ಲ ಬಿಟ್ಟು ಚೌಕಕ್ಕೆ ಹತ್ತಿತ್ತು.

ಅತ್ತೆ: ಬಣ್ಣ ಬಿಟ್ಟದ್ದು ದೊಡ್ಡ ಮಾತಲ್ಲ, ಎಲ್ಲಾರಿಗೂ ಒಮ್ಮೆ ಆಗ್ತದ. ಹಸಿ ಇದ್ದಾಗನ ತಣ್ಣೀರಿನ್ಯಾಗ ನಾಕೈದು ಸಲ ಜಾಲಿಸಿದ್ರ ಅರ್ಧಾದ್ರೂ ಹೋಗ್ತಿತ್ತು. ನೀ ಬಿಸಲಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿರ್ತಿ.

ಸೊಸೆ: ಮಾಡಿದೆ.

ಅತ್ತೆ: ಪಕ್ಕಾ ಮಾಡಿಬಿಟ್ಟಿ. ಕತ್ತರಿಸೋ ಮೊದಲ ಒಂದು ತುಂಡು ತೋಯಿಸಿ, ಬಿಳಿ ಅರಿವಿ ನಡುವ ಇಟ್ಟು ಇಸ್ತ್ರಿ ಒತ್ತಿ ನೋಡಬೇಕಿತ್ತು. ಬಿಳಿಗೆ ಹತ್ತಿದ್ರ ಆ ಅರಿವಿ ಬ್ಯಾಡ, ಇಲ್ಲಾ ಹತ್ತೋದು ನಿಲ್ಲೋತನಕ ಒಗೀಬೇಕು. ಅದು ಬಿಡು. ನಾ ಕೇಳೋದು ಬ್ಯಾರೆ. ಎಸಳು ಯಾಕ ಪೂರಿ ಹಂಗ ಉಬ್ಬ್ಯಾವು?

ಸೊಸೆ: ಹೊಲಿಗೆ ಬಿಗಿಯಾಯ್ತು ಅಂದ್ಕೊಂಡೆ.

ಅತ್ತೆ: ಎಸಳಿನ ಅರಿವಿ ಯಾವುದಿದು?

ಸೊಸೆ: ಇವರ ಕೆಂಪು ಕುರ್ತಾ. ಮದುವೆಗೆ ಮುಂಚಿನದು, ಹನ್ನೊಂದು ವರ್ಷ ಆಗಿರಬಹುದು.

ಅತ್ತೆ: ಒಡಲು?

ಸೊಸೆ: ಇದೇ ಕೋರಾ. ತಂದ ದಿನವೇ ಕತ್ತರಿಸಿದ್ದು.

ಅತ್ತೆ: ಅಲ್ಲೆ ಅದ ನೋಡು. ಹನ್ನೊಂದು ವರ್ಷ ಒಗಸ್ಕೊಂಡ ಕುರ್ತಾ ಕುಗ್ಗೋದೆಲ್ಲಾ ಕುಗ್ಗಿ ಮುಗಿಸ್ಯದ. ಕೋರಾ ಇನ್ನೂ ನೀರ ಮುಖ ಕಂಡಿಲ್ಲ. ಎರಡನ್ನೂ ಕೂಡಿಸಿ ಹೊಲದು ಬಿಸಿನೀರಿಗೆ ಹಾಕಿದಿ. ಒಡಲು ಕುಗ್ಗಿತು, ಎಸಳು ಕುಗ್ಗಲಿಲ್ಲ. ಇದ್ದ ಜಾಗ ಸಾಲದ ಮ್ಯಾಲೆದ್ದಾವು. ನಿನ್ನ ಹೊಲಿಗಿದೇನೂ ತಪ್ಪಿಲ್ಲ.

ಸೊಸೆ: ಚೌಕ ಅಳೆದಿದ್ದೆ. ಹದಿನಾರು ಇಂಚಿದ್ದದ್ದು ಹದಿನೈದೂವರೆ ಆಗಿತ್ತು. ನಾನೇ ತಪ್ಪಾಗಿ ಕತ್ತರಿಸಿದ್ದೆ ಅಂತ ಸುಮ್ಮನಾದೆ.

ಅತ್ತೆ: ಅರ್ಧ ಇಂಚು ಅಂದ್ರ ಭಾಳ ಆತವಾ. ಕೌದಿ ಹೊಲಿಯೋರು ಇದನ್ನ ಬಾಯಿಲೆ ಹೇಳಂಗಿಲ್ಲ, ಕೈಲೆ ಮಾಡ್ತಾರ. ನಾ ಸಣ್ಣಾಕಿ ಇದ್ದಾಗ ಸುಗ್ಗಿ ಮುಗದಮ್ಯಾಲೆ ಗೊಂದಲಿಗರ ಹೆಣ್ಣುಮಕ್ಕಳು ಬರ್ತಿದ್ರು. ಅಂಗಳದಾಗ ಹಳೆ ಪತ್ತಲ, ಧೋತರ, ಪರಕಾರ ಎಲ್ಲಾ ರಾಶಿ ಹಾಕ್ತಿದ್ವಿ. ಅವರು ಮೊದಲ ಬಣ್ಣ ನೋಡ್ತಿರಲಿಲ್ಲ. ಬಿಸಲಿಗೆ ಹಿಡದು ನೋಡ್ತಿದ್ರು. ಆಮ್ಯಾಲೆ ಎರಡೂ ಕೈಲೆ ಹಿಡದು ಫಟ್ ಅಂತ ಜಗ್ಗಿ ಸಪ್ಪಳ ಕೇಳ್ತಿದ್ರು. ಗಟ್ಟಿ ಅರಿವಿ ಡೊಳ್ಳಿನ ಹಂಗ ಮಾತಾಡ್ತದ, ಸವದದ್ದು ಚರ್ ಅಂತದ. ಚರ್ ಅಂದದ್ದು ಒಳಪದರಿಗೆ, ಗಟ್ಟಿ ಇದ್ದದ್ದು ಮ್ಯಾಲೆ. ಅಷ್ಟಾದಮ್ಯಾಲೆ ಬಣ್ಣದ ಮಾತು. ಯಾರಾರ ಹುಮ್ಮಸ್ಸಿಗೆ ಹೊಸಾ ತುಂಡು ಕೊಟ್ರ ಬಾಜೂಕ ಇಡ್ತಿದ್ರು. ‘ಇದು ಇನ್ನೊಂದಿಷ್ಟು ದಿನ ನಿಮ್ಮ ಮೈಮ್ಯಾಲೆ ಇರಲಿ’ ಅಂತ.

ಸೊಸೆ: ಅಂದರೆ ನಾನು ಬಣ್ಣದಿಂದ ಶುರು ಮಾಡಿದ್ದೇ ತಪ್ಪು.

ಅತ್ತೆ: ತಪ್ಪಲ್ಲ, ತಲಿಕೆಳಗ. ಮೊದಲ ವಯಸ್ಸು ಕೂಡಬೇಕು. ಆಮ್ಯಾಲೆ ದಪ್ಪ. ಬಣ್ಣ ಕಡೀಕ.

ಸೊಸೆ: ಜಾತಕ ನೋಡಿದ ಹಾಗಾಯ್ತು. ಹಾಗಾದರೆ ಈ ಕೋರಾ ಬಿಸಾಡಬೇಕಾ?

ಅತ್ತೆ: ಬಿಸಾಡೋದ್ಯಾಕ? ಇವತ್ತ ರಾತ್ರಿ ನೆನಿ ಹಾಕು, ನಾಳೆ ಬಿಸಿನೀರಿನ್ಯಾಗ ಒಗದು ಒಣಗಿಸು. ಎರಡು ಸಲ ಹಂಗ ಮಾಡು. ಗಂಜಿ ಹೋಗಬೇಕು, ಕುಗ್ಗೋದು ಕುಗ್ಗಬೇಕು. ಹೊಸಾ ಅರಿವಿಗೆ ವಯಸ್ಸಾಗಂಗ ಮಾಡಬಹುದು. ಹಳೇದಕ್ಕ ಹರೇ ಬರಿಸೋದ ಆಗಂಗಿಲ್ಲ.

ಸೊಸೆ: ಸರಿ. ಬಣ್ಣದಲ್ಲಾದರೂ ನನ್ನ ಮಾತು ಕೇಳಿ. ದಾಸವಾಳದ ಚೌಕಕ್ಕೆ ಹಸಿರು ಹಾಕು, ಕೆಂಪು ಎದ್ದು ಕಾಣ್ತದ ಅಂತ ಬೆಳಿಗ್ಗೆ ಹೇಳಿದಿರಿ. ಇಲ್ಲಿ ಹಸಿರಿನ ಮೇಲೆ ಕೆಂಪು ಇಟ್ಟಿದ್ದೀನಿ. ಫೋನಲ್ಲಿ ಫೋಟೋ ತೆಗೆದೆ. ಈಗ ಕಪ್ಪುಬಿಳುಪು ಮಾಡ್ತೀನಿ. ಕನ್ನಡಕ ಹಾಕ್ಕೊಂಡು ನೋಡಿ.

ಅತ್ತೆ: ಹೂವು ಎಲ್ಲೆ ಹೋತು?

ಸೊಸೆ: ಅಲ್ಲೇ ಇದೆ. ಕೆಂಪೂ ಹಸಿರೂ ಒಂದೇ ಬೂದಿ ಆಗಿಬಿಟ್ಟಿವೆ. ಬಣ್ಣ ಬೇರೆ, ಗಾಢ ಒಂದೇ. ಹಗಲಲ್ಲಿ ಹತ್ತಿರದಿಂದ ಚೆನ್ನಾಗಿರುತ್ತೆ. ರಾತ್ರಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಹೂವು ಕರಗಿಹೋಗುತ್ತೆ. ಅದಕ್ಕೇ ಒಡಲು ತಿಳಿಯಾಗಿದ್ದರೆ ಹೂವು ಗಾಢ, ಒಡಲು ಗಾಢವಾಗಿದ್ದರೆ ಹೂವು ತಿಳಿ. ಫೋನಿಲ್ಲದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿದರೂ ಸಾಕು.

ಅತ್ತೆ: ಆಪರೇಶನ್ ಮೊದಲ ನನಗ ಎಲ್ಲಾ ಹಿಂಗ ಕಾಣ್ತಿತ್ತು. ಆಗ ಕೇಳಬೇಕಿತ್ತು ನನ್ನ. ಇದೊಂದು ಛಲೋ ಹೇಳಿದಿ, ಒಪ್ಪಿದೆ.

ಸೊಸೆ: ಪುರಿಗೆ ಹೋದಾಗ ದಾರಿಯಲ್ಲಿ ಪಿಪಿಲಿ ಅಂತ ಊರು. ರಸ್ತೆಯ ಎರಡೂ ಬದಿ ಬರೀ ಈ ಕೆಲಸದ್ದೇ ಅಂಗಡಿ. ಚಂದುವಾ ಅಂತಾರೆ ಮೇಲ್ಕಟ್ಟಿಗೆ. ಕಪ್ಪಿನ ಮೇಲೆ ಹಳದಿ ಗಿಳಿ, ಬಿಳಿ ಆನೆ, ಕೆಂಪು ಹೂವು. ಪುರಿಯ ರಥಯಾತ್ರೆಯ ರಥಗಳ ಹೊದಿಕೆಯ ಬಣ್ಣವೂ ಗೊತ್ತುಮಾಡಿದ್ದು. ಜಗನ್ನಾಥನಿಗೆ ಕೆಂಪು ಹಳದಿ, ಬಲಭದ್ರನಿಗೆ ಕೆಂಪು ಹಸಿರು, ಸುಭದ್ರೆಗೆ ಕೆಂಪು ಕಪ್ಪು. ಅಷ್ಟು ಜನರ ನಡುವೆ ದೂರದಿಂದಲೇ ಯಾರ ರಥ ಅಂತ ಗೊತ್ತಾಗುತ್ತೆ.

ಅತ್ತೆ: ದೇವರಿಗೇನವಾ, ವರ್ಷಾ ಹೊಸಾ ರಥ, ಹೊಸಾ ಅರಿವಿ. ಒಗೆಯೋ ಚಿಂತಿ ಇಲ್ಲ. ನಿನ್ನ ಮಂಚದ ಮ್ಯಾಲೆ ನನ್ನ ಮೊಮ್ಮಗ ಹಾಲು ಚೆಲ್ಲತಾನ.

ಸೊಸೆ: ಆಕಾರ ಬರೆಯೋದೇ ಕಷ್ಟ ಅಂತ ಮೊದಲು ಬೇರೆ ಯೋಚನೆ ಇತ್ತು. ಹೂವಿನ ಪ್ರಿಂಟು ತಂದು ಆ ಹೂವನ್ನೇ ಸುತ್ತ ಕತ್ತರಿಸಿ ಹಚ್ಚೋದು. ಯುರೋಪಿನಲ್ಲಿ ಹದಿನೆಂಟನೇ ಶತಮಾನದಲ್ಲಿ ಹಾಗೇ ಮಾಡ್ತಿದ್ದರು. ಗೊತ್ತಾ, ಆ ಹೂವುಗಳು ನಮ್ಮವು. ಮಚಲೀಪಟ್ಟಣದ ಕಡೆ, ಕೋರಮಂಡಲ ತೀರದಲ್ಲಿ ಕೈಯಲ್ಲಿ ಬಣ್ಣ ಬರೆದ ಹತ್ತಿ ಬಟ್ಟೆ ಹಡಗು ಹತ್ತಿ ಹೋಗ್ತಿತ್ತು. ಒಗೆದರೂ ಬಣ್ಣ ಹೋಗದ ಅಂಥ ಬಟ್ಟೆ ಅವರು ಕಂಡಿರಲಿಲ್ಲ. ಹೆಂಗಸರು ಹುಚ್ಚೆದ್ದು ಕೊಂಡರು, ಅಲ್ಲಿನ ನೇಕಾರರು ಗಲಾಟೆ ಮಾಡಿದರು. ಫ್ರಾನ್ಸು 1686ರಲ್ಲಿ ನಿಷೇಧ ಹಾಕಿತು. ಇಂಗ್ಲೆಂಡು 1701ರಿಂದ ಬಣ್ಣ ಬರೆದ ಬಟ್ಟೆ ತರಿಸೋದನ್ನ ತಡೆದು, ಅದೂ ಸಾಲದೆ 1721ರಲ್ಲಿ ಇನ್ನೂ ಬಿಗಿ ಕಾನೂನು ಮಾಡಿತು. ಸಿಕ್ಕ ತುಂಡಿಗೆ ಚಿನ್ನದ ಬೆಲೆ. ಅದಕ್ಕೇ ಒಂದೊಂದು ಹೂವನ್ನೂ ಬಿಡಿಸಿ ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ದೂರ ದೂರ ಇಟ್ಟು ಹೊಲಿಯೋರು. ಒಂದು ಮೊಳ ಬಟ್ಟೆ ಇಡೀ ಹೊದಿಕೆಗೆ ಬರ್ತಿತ್ತು.

ಅತ್ತೆ: ನಮ್ಮ ಹೂವು ಹೋಗಿ ಅವರ ತ್ಯಾಪಿ ಆತು. ನೀ ಮತ್ತ ಯಾಕ ಅದನ್ನ ಬಿಟ್ಟಿ?

ಸೊಸೆ: ಪ್ರಿಂಟಿನ ಹೂವು ಪ್ರಿಂಟಿನ ಹಾಗೇ ಕಾಣುತ್ತೆ. ನಮ್ಮ ಹಿತ್ತಲಿನ ದಾಸವಾಳದ ಹಾಗೆ ಕಾಣಲ್ಲ.

ಅತ್ತೆ: ಹಂಗಾದ್ರ ಬರಿ. ಪೆನ್ಸಿಲ್ ಬ್ಯಾಡ. ಬಚ್ಚಲದಾಗ ಸವದು ಒಣಗಿದ ಸಾಬಾನಿನ ಚೂರು ಇರ್ತದಲ್ಲ, ಅದನ್ನ ತಾ. ಹೂಂ, ಇದ. ಅಂಚು ಚೂಪ ಅದ ನೋಡು. ರಟ್ಟಿನ ಎಸಳು ಮ್ಯಾಲಿಟ್ಟು ಸುತ್ತ ಎಳಿ. ಕೆಂಪಿನ ಮ್ಯಾಲೆ ಬಿಳಿ ಗೆರಿ ಎಷ್ಟು ಛಲೋ ಬಿತ್ತು! ಒಗದ್ರ ತಾನ ಹೋಗ್ತದ. ನಮ್ಮೂರ ದರ್ಜಿ ಚಾಕಿಗೆ ಎಂದೂ ರೊಕ್ಕ ಕೊಟ್ಟಾಂವ ಅಲ್ಲ.

ಸೊಸೆ: ನಿಲ್ಲಿ, ರಟ್ಟನ್ನ ಓರೆಯಾಗಿಡಬೇಕು. ಹಾಸಿನ ದಿಕ್ಕಲ್ಲಿ ಎಳೆದರೆ ಬಟ್ಟೆ ಬರಲ್ಲ, ಹೊಕ್ಕಿನ ದಿಕ್ಕಲ್ಲೂ ಬರಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಬರುತ್ತೆ. ಎಸಳಿನ ಬಾಗು ಆ ಓರೆ ಮೇಲೆ ಬಿದ್ದರೆ ಅಂ‍ಚು ಸುಕ್ಕಿಲ್ಲದೆ ಒಳಗೆ ಹೋಗುತ್ತೆ. ಎಳೆಯೂ ಕಡಿಮೆ ಬಿಡುತ್ತೆ.

ಅತ್ತೆ: ಕುಪ್ಪಸದ ಕೊರಳಿಗೆ ಕ್ರಾಸ್ ಪಟ್ಟಿ ಇಟ್ಟಂಗ.

ಸೊಸೆ: ಹಾಗೇ. ಹೂವಿನ ದಂಟೂ ಅದೇ ಕ್ರಾಸ್ ಪಟ್ಟಿ. ಒಂದಿಂಚಿನ ಪಟ್ಟಿ, ಎರಡೂ ಅಂಚು ಹಿಂದಕ್ಕೆ ಮಡಚಿದರೆ ಅರ್ಧ ಇಂಚು. ಹೇಗೆ ಬೇಕಾದರೂ ಬಳುಕಿಸಬಹುದು. ದಂಟು ಮೊದಲು ಹೊಲಿಯೋದು, ಆಮೇಲೆ ಎಲೆ, ಆಮೇಲೆ ಎಸಳು, ನಡುವಿನದು ಕೊನೆಗೆ. ಯಾವುದರ ತುದಿ ಇನ್ನೊಂದರ ಅಡಿಗೆ ಹೋಗುತ್ತೋ ಆ ತುದಿ ಮಡಚೋ ಹಾಗಿಲ್ಲ, ಹಾಗೇ ಬಿಡೋದು. ಇಲ್ಲದಿದ್ದರೆ ಅಲ್ಲಿ ಗುಡ್ಡ ಆಗುತ್ತೆ.

ಅತ್ತೆ: ದಾಸವಾಳದ ಎಲಿಗೆ ಗರಗಸದ ಹಲ್ಲು ಇರ್ತಾವಲ್ಲ, ಅವನ್ನ ಹೆಂಗ ಮಾಡ್ತಿ?

ಸೊಸೆ: ಮಾಡಲ್ಲ. ಅದು ಮಾವಿನೆಲೆ ಅಂದ್ಕೊಳ್ಳಿ.

ಅತ್ತೆ: ಹಿತ್ತಲಿನ ದಾಸವಾಳ ಅಂದಿ ಈಗ.

ಸೊಸೆ: ಬನ್ನಿ, ಹೊಲಿಯೋದು ತೋರಿಸ್ತೀನಿ. ಎಸಳಿನ ಅಂಚನ್ನೆಲ್ಲ ಮೊದಲೇ ಮಡಚಿಟ್ಟುಕೊಳ್ಳಲ್ಲ. ಮುಂದಿನ ಒಂದು ಬೆರಳಗಲ ಮಾತ್ರ. ನೋಡಿ, ಸೂಜಿಯ ಮೊನೆಯಿಂದಲೇ ಅಂಚನ್ನ ಒಳಕ್ಕೆ ಗುಡಿಸಿದೆ. ಸಾಬೂನಿನ ಗೆರೆ ಒಳಗೆ ಹೋಯಿತು. ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಸೂಜಿ ಈಗ ಒಡಲಿನ ಕೆಳಗಿಂದ ಬಂದು ಮಡಿಕೆಯ ಒಂದೆರಡು ಎಳೆ ಮಾತ್ರ ಹಿಡಿಯಿತು. ಬಂದ ಜಾಗದ ಎದುರಿಗೇ, ಎಸಳಿನ ಅಡಿಗೆ ಕೂದಲೆಳೆಯಷ್ಟು ಸರಿದು, ಒಡಲಿಗೆ ಇಳಿಯಿತು. ಹಿಂಬದಿಯಲ್ಲಿ ಒಂದು ಸಾಸಿವೆ ಕಾಳಿನಷ್ಟು ಮುಂದೆ ಹೋಗಿ ಮತ್ತೆ ಮೇಲೆ. ದಾರ ಎಳೆದಾಗ ಹೊಲಿಗೆ ಮಡಿಕೆಯೊಳಗೆ ಮುಳುಗಬೇಕು. ಬಟ್ಟೆ ಸೊಟ್ಟಗಾದರೆ ಎಳೆದದ್ದು ಜಾಸ್ತಿ.

ಅತ್ತೆ: ಹೊಲಿಗಿ ಎಲ್ಲೆ ಅದ?

ಸೊಸೆ: ಕಾಣಲಿಲ್ಲ ತಾನೇ? ದಾರ ಎಸಳಿನ ಬಣ್ಣದ್ದು. ಒಡಲಿನ ಬಣ್ಣದ್ದಾಗಿದ್ದರೆ ಅಂಚಿನುದ್ದಕ್ಕೂ ಬಿಳಿ ಚುಕ್ಕೆ ಕಾಣ್ತಿತ್ತು.

ಅತ್ತೆ: ಹಿಂದಿನ ಮಗ್ಗಲಾ ತಿರುವು. ಗಂಟು ಹಾಕೀಯಲ್ಲ! ಕಸೂತಿಯೊಳಗ ಗಂಟು ಅನ್ನೋದ ಇಲ್ಲ. ಗಾವಂತಿ ಹೊಲಿಗಿ ಹಾಕಿದ್ರ ಹಿಂದ ಮುಂದ ಒಂದ ಕಾಣಬೇಕು. ನಮ್ಮವ್ವ ಮೊದಲ ಹಿಂದಿನ ಮಗ್ಗಲಾ ನೋಡ್ತಿದ್ಲು, ಆಮ್ಯಾಲೆ ಮುಂದಿಂದು.

ಸೊಸೆ: ಹಿಂಬದಿ ಇಲ್ಲಿ ಯಾರಿಗೂ ಕಾಣಲ್ಲ ಅತ್ತೆ, ಪದರದೊಳಗೆ ಮುಚ್ಚಿ ಹೋಗುತ್ತೆ.

ಅತ್ತೆ: ಹೂಂ. ಎಲಿ ತುದಿ ಹೆಂಗ ತಿರುಗಿಸ್ತಿ? ಅಲ್ಲೆ ಗೊತ್ತಾಗ್ತದ ಕೈ.

ಸೊಸೆ: ಅದು ನನಗೂ ಹತ್ತರಲ್ಲಿ ಆರು ಸಲ ಸರಿ ಬರುತ್ತೆ. ತುದಿಯವರೆಗೆ ಹೊಲಿದು ಅಲ್ಲೇ ಇನ್ನೊಂದು ಹೊಲಿಗೆ ಹಾಕಬೇಕು. ಆಚೆ ಬದಿ ಒಂದು ಪುಟ್ಟ ಕಿವಿ ಹೊರಗೆ ಚಾಚಿಕೊಂಡಿರುತ್ತೆ. ಅದನ್ನ ಕತ್ತರಿಸಿ, ಉಳಿದದ್ದನ್ನ ಸೂಜಿಯಿಂದ ಒಳಗೆ ತಳ್ಳಿ... ನೋಡಿ, ಮೊಂಡಾಯ್ತು.

ಅತ್ತೆ: ಇರಲಿ. ಹುಳಾ ತಿಂದ ಎಲಿನೂ ಗಿಡದಾಗ ಇರ್ತಾವು. ದಾರ ಯಾಕ ಇಷ್ಟು ಉದ್ದ ತಗೊಂಡಿ? ಬೆರಳ ತುದಿಯಿಂದ ಮೊಳಕೈತನಕ ಸಾಕು. ಉದ್ದ ದಾರ ಸಿಕ್ಕಾಗ್ತದ, ಅರಿವಿ ತೂರಿ ತೂರಿ ಸವದು ಕಡಿತದ. ಮ್ಯಾಣದ ಬತ್ತಿ ಮ್ಯಾಲೆ ಒಮ್ಮೆ ಎಳದು ತಗೋ.

ಸೊಸೆ: ಇಷ್ಟೆಲ್ಲ ಗೊತ್ತಿದ್ದೂ ನೀವು ಯಾವತ್ತೂ ಹೂವಿನ ಕೌದಿ ಹೊಲೀಲಿಲ್ಲ?

ಅತ್ತೆ: ನಮ್ಮ ಕೌದಿಗೆ ಹೂವು ಬೇಕಿರಲಿಲ್ಲ. ಪತ್ತಲದ ದಡಿ, ಚಿಕ್ಕಿ, ಅವ ಹೂವು. ಆದ್ರ ಬ್ಯಾರೆ ಥರಾ ಹೂವಿನ ಕೌದಿ ನೋಡೀನಿ. ನಿಮ್ಮ ಮಾವನವರಿಗೆ ಹಳಿಯಾಳಕ್ಕ ವರ್ಗ ಆದಾಗ. ಅಲ್ಲೆ, ಯಲ್ಲಾಪುರ, ಮುಂಡಗೋಡ ಕಡೆ ಕಾಡಿನ್ಯಾಗ ಸಿದ್ದಿಗಳ ಮನಿಗಳು ಅದಾವಲ್ಲ. ಅವರ ಹೆಣ್ಣುಮಕ್ಕಳು ಕವಂದಿ ಹೊಲೀತಾರ. ಹಳೆ ಸೀರಿ ಹಾಸಿ, ಮೂಲ್ಯಾಗಿಂದ ಶುರು ಮಾಡಿ ಸುತ್ತ ಸುತ್ತ ತುಂಡು ಹಚ್ಗೋತ, ಹೊಲ್ಕೋತ ನಡುವಿಗೆ ಬರೋದು. ಎಲ್ಲಾ ಮುಗದಮ್ಯಾಲೆ ನಾಲ್ಕೂ ಮೂಲಿಗೆ ಅರಿವಿ ಮಡಚಿ ಮಡಚಿ ಮೂರು ಮೂಲಿ ಮಾಡಿ ಕೂಡಸ್ತಾರ. ಅದಕ್ಕ ಫೂಲ ಅಂತಾರ.

ಸೊಸೆ: ಹೂವು!

ಅತ್ತೆ: ನೋಡಿದ್ರ ಎಸಳಿಲ್ಲ, ದಂಟಿಲ್ಲ. ನಾನೂ ನಿನ್ನಂಗ ಕೇಳಿದೆ, ಇದೆಂಥಾ ಹೂವು ಅಂತ. ಅಲ್ಲೆ ಒಬ್ಬಾಕಿ ಮುದುಕಿ ನಕ್ಳು. ಇದು ಇಲ್ಲಂದ್ರ ಕವಂದಿ ಬತ್ತಲೆ ಅಂದ್ಲು. ಕೆಲವರು ಪೂರಾ ಮುಚ್ಚೂಕಿಂತ ಮೊದಲ ಒಳಗ ನಾಲ್ಕು ಅಕ್ಕಿಕಾಳು ಹಾಕ್ತಾರ, ಕವಂದಿ ಹೊಟ್ಟಿ ಹಸೀಬಾರದು ಅಂತ.

ಸೊಸೆ: ಹುಳ ಬರಲ್ವಾ?

ಅತ್ತೆ: ನಾಲ್ಕು ಕಾಳಿಗೆ ಯಾವ ಹುಳಾ ಅಷ್ಟು ದೂರಿಂದ ಬರ್ತದ? ನಿನಗ ಎಲ್ಲಾದ್ರಾಗೂ ಹುಳಾ ಕಾಣ್ತಾವು. ಅದು ಬಿಡು, ಇದನ್ನ ಹೇಳು. ಒಂಬತ್ತು ಚೌಕ ಕೂಡಿಸಿ, ಒಳಗ ಹಳೇ ಸೀರಿ ಹಾಸಿ, ಕೆಳಗ ಇನ್ನೊಂದು ಅರಿವಿ ಇಟ್ಟು, ಎಲ್ಲಾ ಸೇರಿಸಿ ದೊರಾ ಹಾಕ್ಬೇಕಲ್ಲ. ಹೂವಿನ ಮ್ಯಾಲೆ ಹಾಸಿ ಹೋಗ್ತಿಯೋ, ಸುತ್ತ ಬಳಸಿ ಹೋಗ್ತಿಯೋ?

ಸೊಸೆ: ಸುತ್ತ. ಇಷ್ಟು ಕಷ್ಟಪಟ್ಟು ಹೊಲಿಗೆ ಕಾಣದ ಹಾಗೆ ಮಾಡಿ, ಅದರ ಮೇಲೇ ದಪ್ಪ ದಾರ ಓಡಿಸೋದಾ? ಹೂವಿನ ಅಂಚಿಗೆ ಕಾಲಿಂಚು ಆಚೆ ಒಂದು ಸುತ್ತು, ಅದರಾಚೆ ಇನ್ನೊಂದು. ಕಲ್ಲು ಹಾಕಿದ ನೀರಿನ ಹಾಗೆ.

ಅತ್ತೆ: ಹೂವು ಎಷ್ಟು ಅಗಲ?

ಸೊಸೆ: ಹತ್ತಿಂಚು.

ಅತ್ತೆ: ಹತ್ತಿಂಚು ಜಾಗದಾಗ ಒಂದೂ ದೊರಾ ಇಲ್ಲ. ಒಳಗಿನ ಹಳೇ ಸೀರಿ ಅಲ್ಲೆ ಯಾರ ಕೈಗೂ ಸಿಗಲಾರದ ಹಂಗ ಓಡಾಡ್ತದ. ನಾಕ ಸಲ ಒಗಿ, ಒಳಗ ಮುದ್ದಿಯಾಗಿ ಕೂಡ್ತದ. ಹೂವಿನ ಹೊಟ್ಟಿಯೊಳಗ ಗಂಟು. ನಮ್ಮ ಕೌದಿ ದಂಡಿಯಿಂದ ಒಳಗ ಬರ್ತದ, ಬೆರಳಗಲಕ್ಕೊಂದು ಸಾಲು. ಏನ ಅಡ್ಡ ಬಂದ್ರೂ ನಿಲ್ಲಂಗಿಲ್ಲ.

ಸೊಸೆ: ಅದು ಹೊದೆಯೋ ಕೌದಿ. ಇದು ಹೂವು ಕಾಣಲಿ ಅಂತ ಮಾಡೋದು.

ಅತ್ತೆ: ಹೊದೆಯಂಗಿಲ್ಲೇನು ಇದನ್ನ?

ಸೊಸೆ: ಹೊದೆಯೋಕೇ.

ಅತ್ತೆ: ಮತ್ತ?

ಸೊಸೆ: ಎಸಳಿನ ಮೇಲೆ ನರದ ಹಾಗೆ ಹಾಕಲಾ? ದಾಸವಾಳದ ಎಸಳಿನಲ್ಲಿ ಬುಡದಿಂದ ತುದಿಗೆ ಗೆರೆ ಇರುತ್ತಲ್ಲ. ಒಂದೊಂದು ಎಸಳಿಗೆ ಐದು ಸಾಲು, ಅದೇ ಕೆಂಪು ದಾರದಲ್ಲಿ. ಒಳಪದರವನ್ನೂ ಹಿಡಿಯುತ್ತೆ.

ಅತ್ತೆ: ಎಲ್ಲೆ, ಬೆರಳಲೆ ಎಳದು ತೋರಸು. ಹಿಂಗೇನು? ಬುಡಕ್ಕ ಒತ್ತ, ತುದಿಗೆ ಅಗಲ. ಆಗ್ತದ. ಆಗ್ತದ ಇದು. ಒಡಲಿಗೆ ಮಾತ್ರ ದಂಡಿಯಿಂದ ಬರೋ ಸಾಲು.

ಸೊಸೆ: ಅದು ನಿಮ್ಮ ಪ್ರಕಾರ, ಹೂವು ನನ್ನ ಪ್ರಕಾರ. ಆದರೆ ಒಂಬತ್ತು ಚೌಕ ಆಗುತ್ತೆ ಅಂತ ನನಗೆ ಧೈರ್ಯ ಇಲ್ಲ. ವಾರದಲ್ಲಿ ಎರಡು ಸಂಜೆ ಸಿಕ್ಕರೆ ಹೆಚ್ಚು. ಒಂದು ಹೂವಿಗೇ ಎರಡು ಸಂಜೆ.

ಅತ್ತೆ: ನಾ ಇಲ್ಲೆ ಇನ್ನೂ ಎಷ್ಟು ದಿನ ಇರೋದು?

ಸೊಸೆ: ಡಾಕ್ಟರು ಮುಂದಿನ ತಿಂಗಳು ಹತ್ತಕ್ಕೆ ಬರೋಕೆ ಹೇಳಿದಾರೆ. ಬಲಗಣ್ಣಿಗೂ ದಿನ ಗೊತ್ತು ಮಾಡಬೇಕಲ್ಲ.

ಅತ್ತೆ: ಹಂಗಾದ್ರ ಒಂದು ಕೆಲಸ ಮಾಡು. ನನಗ ಹೊಲಿಯೋದು ಕಾಣ್ತದ, ಸೂಜಿ ಕಣ್ಣು ಕಾಣಂಗಿಲ್ಲ. ಮುಂಜಾನೆ ಆಫೀಸಿಗೆ ಹೋಗೋ ಮೊದಲ ಹತ್ತು ಸೂಜಿಗೆ ದಾರ ಪೋಣಿಸಿ ಆ ದಿಂಬಿಗೆ ಚುಚ್ಚಿ ಇಟ್ಟು ಹೋಗು. ಮೊಳಕೈ ಉದ್ದದ್ದು, ಮ್ಯಾಣ ಎಳದು.

ಸೊಸೆ: ಯಾವ ಬಣ್ಣದ್ದು? ಬಿಳೀದಾ?

ಅತ್ತೆ: ಕೆಂಪು. ಎಸಳಿನ ಬಣ್ಣದ್ದ ಇರಬೇಕು ಅಂತ ನೀನ ಹೇಳಿದಿ. ಮತ್ತ ಗಂಟು ಹಾಕಬ್ಯಾಡ, ನಾ ನನ್ನ ಥರಾ ಶುರು ಮಾಡ್ತೀನಿ.